ಮರ್ಸೋ ಬಾಟಲಿಯ ಕಳವು

ಅಕ್ಟೋಬರ್ ಹದಿನಾಲ್ಕು, ಮಂಗಳವಾರ ಬೆಳಿಗ್ಗೆ ಬದರಿನಾಥ ತಾವೇ ಡ್ರೈವ್ ಮಾಡಿಕೊಂಡು ಟೆಕ್ಸಸ್‌ನ ಇರ್ವಿಂಗ್ ಪೊಲೀಸ್ ಠಾಣೆಗೆ ಬಂದರು. ಆ ಊರಿನ ಲಾಸ್ ಕೊಲಿನಾಸ್ ಬಡಾವಣೆಯಲ್ಲಿ ಅವರದೊಂದು ಸಾಫ್ಟ್‌ವೇರ್ ಕಂಪನಿ ಇತ್ತು.

"ಎಫ್‌ಐಆರ್ ಹಾಕಿ ಮೇಡಂ. ಮನೇಲಿ ವೈನ್ ಕಳವಾಗಿದೆ."

"ಇಲ್ಲಿ ಆಫೆನ್ಸ್ ರಿಪೋರ್ಟ್ ಅಂತೀವಿ ಸರ್," ಎಂದಳು ಡಿಟೆಕ್ಟಿವ್ ಹರ್ಷಿಣಿ. ಮೈಸೂರು ಬಿಟ್ಟಾಗ ಅವಳಿಗಿನ್ನೂ ಹತ್ತು ವರ್ಷ. "ಎಷ್ಟು ಬಾಟಲಿ?"

"ಒಂದೇ. ಮರ್ಸೋ. ಫ್ರಾನ್ಸಿನ ಬರ್ಗಂಡಿ ಸೀಮೆಯ ಬಿಳಿ ವೈನ್. ಅದು ಅಲ್ಲಿನ ಒಂದು ಊರಿನ ಹೆಸರೂ ಹೌದು."

ಹರ್ಷಿಣಿ ಆಫೀಸರ್ ಗೋಮೆಜ್ ಜೊತೆ ಅವರ ಮನೆಗೆ ಹೋಗಿ ಸ್ಥಳದ ಮಹಜರು ಮಾಡಿದಳು. ವೈನ್ ಇಡುವ ತಣ್ಣನೆಯ ಕೋಣೆಯಲ್ಲಿ ಮಂದ ಬೆಳಕು. ಗೋಡೆಗಳ ತುಂಬ ಬಾಟಲಿಗಳು ನಿದ್ದೆಹೋದಂತೆ ಮಲಗಿದ್ದವು. ಬೀಗ ಒಡೆದಿರಲಿಲ್ಲ. ಪಕ್ಕದಲ್ಲೇ ಇದ್ದ, ಮರ್ಸೋಗಿಂತ ದುಬಾರಿ ಬಾಟಲಿಗಳನ್ನು ಯಾರೂ ಮುಟ್ಟಿರಲಿಲ್ಲ.

"ಬೀಗದ ಕೋಡ್ ಯಾರಿಗೆ ಗೊತ್ತು?"

"ನನಗೆ. ಮತ್ತೆ ಇಂದುಮತಿಗೆ. ಈ ಕೋಣೆ ನೋಡ್ಕೊಳ್ತಿದ್ಲು. ಫ್ರಾನ್ಸಲ್ಲಿ ವೈನ್ ಬಗ್ಗೇನೇ ಓದ್ಕೊಂಡು ಬಂದವಳು. ಹೋದ ತಿಂಗಳು ಕೆಲಸ ಬಿಟ್ಲು."

"ಯಾಕೆ?"

ಬದರಿನಾಥ ತಡವರಿಸಿದರು. "ಪಾರ್ಟೀಲಿ ಕೆಟ್ಟುಹೋದ ವೈನ್ ಬಡಿಸಿಬಿಟ್ಲು. ಎಲ್ಲರ ಮುಂದೆ ಬೈದೆ."

ರಸ್ತೆಯ ಕ್ಯಾಮೆರಾಗಳಲ್ಲಿ ಇಂದುಮತಿಯ ಕಾರು ಆಸ್ಟಿನ್ ಕಡೆ ಹೋಗಿದ್ದು ಸಿಕ್ಕಿತು. ಆ ಊರಿನ ಪಶ್ಚಿಮಕ್ಕಿರುವ ಗುಡ್ಡಗಳಲ್ಲಿ ಅವಳೊಂದು ಕಾಟೇಜ್ ಬಾಡಿಗೆಗೆ ಹಿಡಿದಿದ್ದಳು. ಮರುದಿನ ವಾರಂಟ್ ಹಿಡಿದು ಹರ್ಷಿಣಿ, ಗೋಮೆಜ್ ಇಬ್ಬರೂ ಹೊರಟರು. ಬೆಳಗಿನ ಮಂಜಿನಲ್ಲಿ ರಸ್ತೆಯೂ ಟ್ರಕ್ಕುಗಳೂ ತೇಲುತ್ತಿರುವಂತಿದ್ದವು. ಕಾಟೇಜಿನ ಸುತ್ತ ದ್ರಾಕ್ಷಿ ಬಳ್ಳಿಗಳ ನಡುವೆ ಬೆಳ್ಳಗಿನ ಸುಣ್ಣಕಲ್ಲು ಇಣುಕುತ್ತಿತ್ತು.

ನಲವತ್ತು ದಾಟಿದ ಇಂದುಮತಿ ಜಗಲಿಯಲ್ಲಿ ಕೂತಿದ್ದಳು. ಮುಂದೆ ತೆರೆದ ಬಾಟಲಿ, ತುಂಬಿದ ಲೋಟ. ಹರ್ಷಿಣಿ ಅವಳ ಹಕ್ಕುಗಳನ್ನು ಓದಿ ಹೇಳಿದಳು.

"ಇದನ್ನ ನೀವೇ ತಗೊಂಡಿದ್ದಾ?"

"ಹೌದು."

"ಇದನ್ನೇ ಯಾಕೆ?"

"ಓದುವಾಗ ಮರ್ಸೋದಲ್ಲಿ ಒಂದು ಸುಗ್ಗಿ ದ್ರಾಕ್ಷಿ ಕೊಯ್ದೆ. ಇಂಥದೇ ಸುಣ್ಣಕಲ್ಲಿನ ಇಳಿಜಾರು. ಇದು ಆ ವರ್ಷದ್ದೇ, ಆ ತೋಟದ್ದೇ." ಅವಳು ಲೋಟವನ್ನು ಬೆಳಕಿಗೆ ಹಿಡಿದಳು. "ಎರಡು ವರ್ಷದ ಹಿಂದೆ ಜ್ವರ ಬಂದು ಮೂಗಿಗೆ ವಾಸನೆ ಗೊತ್ತಾಗೋದೇ ನಿಂತ್ಹೋಯ್ತು. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನಾನು ಅಂತ ಏನು ಉಳಿಯುತ್ತೆ? ಪಾರ್ಟಿ ದಿನ ಅದು ಕೆಟ್ಟಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಇದಾದ್ರೂ ಮೂಗಿಗೆ ಬರಬಹುದು ಅಂದ್ಕೊಂಡೆ."

"ಬಂತಾ?"

ಇಂದುಮತಿ ಇಲ್ಲವೆಂದು ತಲೆಯಾಡಿಸಿದಳು. "ನೀರು ಕುಡಿದ ಹಾಗಿದೆ."

ಗೋಮೆಜ್ ಬಾಟಲಿಯನ್ನು ಸೀಲ್ ಮಾಡಲು ಚೀಲ ಬಿಡಿಸಿದ. ಹರ್ಷಿಣಿ ಅವನನ್ನು ತಡೆದು, ಬಾಗಿ ಲೋಟವನ್ನು ಮೂಸಿದಳು.

"ಬೆಣ್ಣೆ," ಎಂದಳು ನಿಧಾನವಾಗಿ. "ಏನೋ ಬೀಜ ಹುರಿದ ಹಾಗೆ. ಆಮೇಲೆ... ಒದ್ದೆ ಕಲ್ಲು."

ಇಂದುಮತಿ ಕಣ್ಣು ಮುಚ್ಚಿಕೊಂಡಳು. ಮಂಜು ಬಳ್ಳಿಗಳ ಮೇಲಿಂದ ಜಗಲಿಯತ್ತ ಸರಿಯುತ್ತಿತ್ತು. ಅವಳು ತಾನಾಗಿಯೇ ಎರಡೂ ಕೈ ಚಾಚಿದಳು. ಬೇಡಿ ಬಿದ್ದಿದ್ದು ಗಮನಕ್ಕೇ ಬರಲಿಲ್ಲ ಎನ್ನುವಂತೆ ಮೆಲ್ಲಗೆ ಕೇಳಿದಳು:

"ಬೆಣ್ಣೆ ಅಂದ್ರಲ್ಲ... ಹಸೀದಾ, ಕಾಯಿಸಿದ್ದಾ?"

"ಆಗ ತಾನೇ ಕಾಯಿಸಿದ್ದು," ಎಂದಳು ಹರ್ಷಿಣಿ.