ಮಂಡಿನೋವಿನ ಸುಳ್ಳುಗಳು

"ಈ ಆಟದ ಮೂರನೇ ಭಾಗದ ಮುಂದೆ ಮೊದಲಿನ ಎರಡನ್ನೂ ನಿವಾಳಿಸಿ ಬಿಸಾಕಬೇಕು," ಎಂದರು ಭಾವ, ಟಿವಿಗೆ ವೈರು ಸಿಕ್ಕಿಸುತ್ತ.

"ಇಲ್ಲ ಭಾವ, ಮೊದಲನೇದೇ ಚಿನ್ನ," ಎಂದ ಅವನು. "ಎರಡನೇದು ಹೋಗ್ಲಿ, ಪರವಾಗಿಲ್ಲ. ಇದು ಬರೀ ಗದ್ದಲ."

"ಇನ್ನೂ ಆಡೇ ಇಲ್ಲವಲ್ಲೋ!" ಎಂದಳು ಅಕ್ಕ.

ಆಡಿರಲಿಲ್ಲ, ನಿಜ. ಆದರೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಊಟ ಸೇರದೆ ಕೂತಿದ್ದ. ಕನ್ನಡಕದಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ನೋಡುವ ಈ ಮಹಾಶಯನಿಗೆ ಸೋಫಾದ ಆ ತುದಿಯಲ್ಲಿದ್ದ ಎರಡು ಕಣ್ಣುಗಳನ್ನು ಮಾತ್ರ ಎದುರಿಸಲು ಆಗುತ್ತಿರಲಿಲ್ಲ. ಅವು ಅಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಕೀಲುನೋವಿನವರಿಗೆ ಫಿಸಿಯೋಥೆರಪಿ ಮಾಡುವ ಗೆಳತಿಯವು. ಆಟದ ಪರದೆಯ ಮೇಲೆ ಅವಳು 'ಫಿಸಿಯೋ', ಅವನು 'ಕನ್ನಡಕ'. ಭಾನುವಾರದ ಮಧ್ಯಾಹ್ನಗಳಲ್ಲಿ ಆ ಮನೆಯಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲ.

ಆಟದ ಹೆಸರು 'ಬುರುಡೆ'. ಟಿವಿ ಒಂದು ವಿಚಿತ್ರ ಪ್ರಶ್ನೆ ಕೇಳುತ್ತದೆ. ಪ್ರತಿಯೊಬ್ಬರೂ ಫೋನಿನಲ್ಲಿ ನಂಬುವಂಥ ಒಂದು ಸುಳ್ಳು ಉತ್ತರ ಬರೆಯಬೇಕು. ಸುಳ್ಳುಗಳ ನಡುವೆ ನಿಜವಾದ ಉತ್ತರವನ್ನೂ ಬೆರೆಸಿ ಪರದೆಗೆ ಹಾಕುತ್ತದೆ. ನಿಮ್ಮ ಸುಳ್ಳನ್ನು ಯಾರಾದರೂ ನಿಜವೆಂದು ಆರಿಸಿದರೆ ಅಂಕ ನಿಮಗೆ.

ಮೊದಲ ಭಾಗದಲ್ಲಿ ಬರೀ ಪ್ರಶ್ನೆಗಳಿದ್ದವು, ಹೊಟ್ಟೆ ಹುಣ್ಣಾಗುವಷ್ಟು ನಗು. ಎರಡನೆಯದರಲ್ಲಿ ಚಿತ್ರ ಬಿಡಿಸುವುದು ಸೇರಿತು. ಭಾವ ಬರೆದ ಕುದುರೆ ಇಸ್ತ್ರಿಪೆಟ್ಟಿಗೆಯಂತೆ ಕಂಡದ್ದು ಆ ಕಾಲದ್ದೇ. ಎರಡರಲ್ಲೂ ಯಾರು ಏನನ್ನು ಆರಿಸಿದರೆಂಬ ಗುಟ್ಟು ಮಾತ್ರ ಗುಟ್ಟಾಗಿಯೇ ಉಳಿಯುತ್ತಿತ್ತು. ಮೂರನೆಯದು ಹಾಗಲ್ಲ. ಕೊನೆಗೆ ಯಾರು ಯಾರ ಸುಳ್ಳಿಗೆ ಎಷ್ಟು ಸಲ ಬಿದ್ದರೆಂದು ಡಂಗುರ ಸಾರುತ್ತದೆ.

ಅವನು ಮೊದಲ ಭಾನುವಾರದಿಂದಲೂ ಬೇಕೆಂದೇ ಫಿಸಿಯೋಳ ಸುಳ್ಳಿಗೆ ಬೀಳುತ್ತಿದ್ದ. ಅವಳ ಸುಳ್ಳು ಗುರುತಿಸುವುದು ಸುಲಭ. ಅದರಲ್ಲಿ ಯಾರಿಗೋ ಮಂಡಿನೋವು ಇದ್ದೇ ಇರುತ್ತಿತ್ತು. ಅಂಕ ಬಂದಾಗ ಅವಳು ಕೆಳತುಟಿ ಕಚ್ಚಿ ಗೆಲುವನ್ನು ಬಚ್ಚಿಡುವ ಪರಿ ನೋಡಲು ಅವನು ಜನ್ಮಪೂರ್ತಿ ಸೋಲಲು ತಯಾರಿದ್ದ.

ಆದರೆ ಒಮ್ಮೆ ಭಾವ ಅಕ್ಕನಿಗೆ ಆಟ ಬಿಟ್ಟುಕೊಟ್ಟಾಗ ಫಿಸಿಯೋ ಸಿಡುಕಿದ್ದಳು: "ಬೇಕಂತ ಸೋಲೋರನ್ನ ಕಂಡ್ರೆ ನಂಗೆ ಮೈಯೆಲ್ಲ ಉರಿಯತ್ತೆ. ಆಟದಲ್ಲಿ ಕರುಣೆ ತೋರಿಸೋರು ಬದುಕಲ್ಲೂ ಅದನ್ನೇ ತೋರಿಸ್ತಾರೆ."

ಇವತ್ತು ಗುಟ್ಟು ರಟ್ಟಾದರೆ ಅವಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವನಿಗೆ ಖಾತ್ರಿಯಾಗಿತ್ತು.

"ಹೋಗ್ಲಿ, ಒಂದ್ಸಲ ಮೊದಲನೇದೇ ಆಡೋಣ," ಎಂದು ಗೋಗರೆದ.

"ನಂಗೆ ಮೂರನೇದು ನೋಡ್ಬೇಕು," ಎಂದಳು ಫಿಸಿಯೋ, ಅವನನ್ನೇ ನೋಡುತ್ತ. ಅಲ್ಲಿಗೆ ಮಾತು ಮುಗಿಯಿತು.

ಪ್ರಶ್ನೆ ಬಂತು. ಒಬ್ಬ ರಾಜ ಆಸ್ಥಾನದಲ್ಲಿ ಕುರ್ಚಿಗಳನ್ನು ಏಕೆ ನಿಷೇಧಿಸಿದ? 'ಕುರ್ಚಿಗೆ ದೆವ್ವ ಹಿಡಿದಿತ್ತು' ಎಂಬುದು ಭಾವನದೇ, ಅದಕ್ಕೆ ಜ್ಯೋತಿಷಿ ಬೇಡ. 'ಮಂತ್ರಿಗಳು ಗೊರಕೆ ಹೊಡೆಯುತ್ತಿದ್ದರು.' ಇದು ನಿಜವಿರಬೇಕು. ಅದರ ಕೆಳಗೆ: 'ಏಳುವಾಗ ರಾಜನ ಮಂಡಿ ಲಟಕ್ಕೆನ್ನುತ್ತಿತ್ತು.'

ಗೊರಕೆಯನ್ನೇ ಒತ್ತಬೇಕೆಂದು ಹಲ್ಲು ಕಚ್ಚಿ ನಿರ್ಧರಿಸಿದ. ಹೆಬ್ಬೆರಳು ಕೇಳಲಿಲ್ಲ. ಆಟ ಮುಗಿಯುವವರೆಗೂ ಕೇಳಲಿಲ್ಲ.

ಕೊನೆಗೆ ಕಹಳೆ ಊದಿ ಪರದೆ ಸಾರಿತು: 'ಮಹಾ ಮೋಸಹೋದವರು: ಕನ್ನಡಕ! ಫಿಸಿಯೋ ಹೇಳಿದ ಒಂದು ಸುಳ್ಳನ್ನೂ ಬಿಟ್ಟಿಲ್ಲ!'

ಭಾವ ಬಾಯಿ ತೆರೆದರು. ಅಕ್ಕ ಅವರ ಕಾಲು ತುಳಿದಳು. ಫಿಸಿಯೋ ಎದ್ದು ಬಾಲ್ಕನಿಗೆ ಹೋದಳು. ಅವನು ತಡವರಿಸುತ್ತ ಹಿಂದೆಯೇ ಹೋದ.

ಕಂಬಿಗೆ ಒರಗಿ ನಿಂತಿದ್ದವಳು ತಿರುಗಲಿಲ್ಲ. "ಬೇಕಂತಾನೇ ಅಲ್ವಾ?"

"ಹೂಂ."

"ಕರುಣೆನಾ?"

"ಅಯ್ಯೋ, ಕರುಣೆ ಎಲ್ಲಿ ಬಂತು!" ಧ್ವನಿ ಏರಿದ್ದು ಅವನಿಗೇ ತಿಳಿಯಲಿಲ್ಲ. "ನೀವು ನನಗಿಂತ ಚೆನ್ನಾಗಿ ಆಡ್ತೀರಿ. ನಾನು ಸೋಲ್ಬೇಕು ಅಂತ ಒತ್ತಿದ್ದಲ್ಲ. ನಿಮ್ಮ ಮಾತು ಅಂತ ಗೊತ್ತಾದ್ಮೇಲೆ ಬೇರೆಯವರ ಮಾತು ಒತ್ತೋಕೆ ಮನಸ್ಸೇ ಬರಲ್ಲ. ನಿಮ್ಮನ್ನ ಕಂಡ್ರೆ ನಂಗಿಷ್ಟ. ಬಹಳ ಇಷ್ಟ. ಬೈಯೋದಿದ್ರೆ ಈಗಲೇ ಬೈದ್ಬಿಡಿ."

ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾದ. ಅವಳು ತಿರುಗಿದರೆ, ನಗು!

"ನನ್ನ ಮಾತು ಅಂತ ಹೇಗೆ ಗೊತ್ತಾಗ್ತಿತ್ತು?"

"ಮಂಡಿನೋವು."

"ದಿನಾ ಮಂಡಿ ತಿಕ್ಕಿ ತಿಕ್ಕಿ ನನಗೇ ಸಾಕಾಗಿದೆ. ಭಾನುವಾರಾನೂ ಅದನ್ನೇ ಯಾಕೆ ಬರೀತೀನಿ ಅಂತ ಯೋಚಿಸಿದ್ರಾ?"

ಅವನು ಯೋಚಿಸಿರಲಿಲ್ಲ.

"ಮೊದಲನೇ ಸಲ ಸುಮ್ಮನೆ ಬಂತು. ಮಂಡಿ ಅಂತ ಕಂಡ ಕೂಡಲೇ ನೀವು ತಲೆ ತಗ್ಗಿಸಿ ನಕ್ಕಿರಿ, ನಂಗೆ ಅಂಕ ಬಂತು. ಮುಂದಿನ ಸಲ ಬೇಕಂತ ಬರೆದೆ. ಮತ್ತೆ ನಕ್ಕಿರಿ." ಅವಳು ಕೆಳತುಟಿ ಕಚ್ಚಿದಳು. "ಎರಡು ಭಾಗ ಮುಗೀತು, ಈ ಮನುಷ್ಯ ಬಾಯಿ ಬಿಡ್ಲಿಲ್ಲ. ಒಂದೊಂದ್ಸಲ ನಿಜವಾಗ್ಲೂ ದಡ್ಡರೇನೋ ಅಂತ ಭಯ ಆಗ್ತಿತ್ತು. ಈ ಮೂರನೇದನ್ನ ನಿಮ್ಮ ಭಾವ ಯಾಕೆ ತಂದ್ರು ಗೊತ್ತಾ? ನಾನೇ ತರ್ಸಿದ್ದು."

ಎದೆಯ ಮೇಲಿಟ್ಟಿದ್ದ ಕಲ್ಲುಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅವನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ. ಅವಳು ಅವನ ಕನ್ನಡಕ ತೆಗೆದು, ದುಪಟ್ಟಾದ ಅಂಚಿನಿಂದ ಒರೆಸಿ, ತಾನೇ ಹಾಕಿದಳು. ಇಷ್ಟು ಹತ್ತಿರದಿಂದ ಅವಳ ಮುಖ ಅವನು ನೋಡಿರಲಿಲ್ಲ. ಈ ಸಲ ಕಣ್ಣು ತಪ್ಪಿಸಲಿಲ್ಲ.

ಇಬ್ಬರೂ ಒಳಗೆ ಬಂದಾಗ ಭಾವ ಇನ್ನೊಂದು ಆಟಕ್ಕೆ ಸಿದ್ಧರಾಗಿದ್ದರು.

"ಮುಂದಿನ ಭಾನುವಾರ ನಾವು ಬರಲ್ಲ," ಎಂದಳು ಫಿಸಿಯೋ.

"ಯಾರು ನಾವು?" ಎಂದರು ಭಾವ.

ಅಕ್ಕ ರಿಮೋಟ್ ಎತ್ತಿ ಟಿವಿ ಆರಿಸಿದಳು. ನಗಬಾರದೆಂದು ಎಷ್ಟು ಕಷ್ಟಪಟ್ಟರೂ ಅವಳಿಂದ ಆಗಲಿಲ್ಲ.

"ನೀವು ಹೋಗ್ಬನ್ನಿ," ಎಂದಳು ತಮ್ಮನ ಬೆನ್ನು ತಟ್ಟಿ. "ಇವರಿಗೆ ನಾನು ನಿಧಾನವಾಗಿ ಬಿಡಿಸಿ ಹೇಳ್ತೀನಿ."