ನೆಟ್ಟಗೆ ಕಂಡವರು

"ಗಾಜಿನ ಮ್ಯಾಲೆ ಜನ ತಲೆಕೆಳಗಾಗಿ ಕಾಣೋಗಂಟ ಭಯ ಇಲ್ಲ ಕಣಪ್ಪಾ. ಯಾರಾರ ನೆಟ್ಟಗೆ ಕಂಡ್ರು ಅನ್ನು, ಅವರ ಪಟ ತೆಗೆದ್ರೆ ಅವರು ಉಳಿಯಾಕಿಲ್ಲ. ತೆಗೀದೆ ಬಿಟ್ರೆ ಮುಸುಕಿನೊಳಗಿರೋರು ಉಳಿಯಾಕಿಲ್ಲ."

ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ, ಅರೆಗತ್ತಲೆಯ ನಡುಮನೆಯಲ್ಲಿ ಕೂತು ವಿಧವೆ ದಾಕ್ಷಾಯಣಮ್ಮ ಹೀಗೆ ಹೇಳಿದಾಗ ಪಾಲಾಕ್ಷ ನಕ್ಕುಬಿಟ್ಟ. ಹಾಸನದಲ್ಲಿ ಫೋಟೋ ಅಂಗಡಿ ಇಟ್ಟಂದಿನಿಂದ ಅವನು ಲೋಕವನ್ನು ನೋಡಿದ್ದೇ ತಲೆಕೆಳಗಾಗಿ. ಕರಿಬಟ್ಟೆ ಮುಸುಕು ಹಾಕಿಕೊಂಡು ಕ್ಯಾಮೆರಾದ ಹಿಂದಿನ ಮಬ್ಬುಗಾಜು ನೋಡಿದರೆ ಮದುಮಕ್ಕಳೂ ಅಮಲ್ದಾರರೂ ಬಾವಲಿಗಳ ಹಾಗೆ ಜೋತಾಡುತ್ತಿರುತ್ತಾರೆ. ಅದು ಮಸೂರದ ಗುಣ, ಅದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ.

"ನೆಟ್ಟಗೆ ತೋರ್ಸೋದಾದ್ರೆ ಒಳ್ಳೇದೇ ಆಯ್ತಲ್ಲವ್ವಾ, ನನ್ನ ಕತ್ತುನೋವು ತಪ್ತದೆ," ಅಂದ.

ಅವನ ಕಷ್ಟವೇ ಬೇರೆ. ಅಂಗಡಿಯಲ್ಲಿದ್ದ ತೇಗದ ಕ್ಯಾಮೆರಾವನ್ನು ಹೊರಗೆ ಒಯ್ಯಬೇಕೆಂದರೆ ಇಬ್ಬರು ಆಳು, ಒಂದು ಎತ್ತಿನ ಗಾಡಿ. ದೊಡ್ಡಗದ್ದವಳ್ಳಿಯ ಗುಡಿಯ ಪಟ ಬೇಕೆಂದವರಿಗೂ, ಹಳ್ಳಿಯಲ್ಲಿ ಸಾವಾಯಿತೆಂದು ಓಡಿಬಂದವರಿಗೂ ಇಲ್ಲ ಇಲ್ಲ ಎನ್ನುತ್ತ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. ಯುದ್ಧ ಶುರುವಾಗಿ ಬೆಂಗಳೂರಿನಲ್ಲಿ ಹೊಸ ಕ್ಯಾಮೆರಾಗಳ ಬೆಲೆ ಕೇಳುವ ಹಾಗಿರಲಿಲ್ಲ. ಹೊಳೆನರಸೀಪುರದಲ್ಲಿ ಅಗ್ಗಕ್ಕೆ ಸಿಕ್ಕಿದ್ದೊಂದು, ರುಬ್ಬುವ ಕಲ್ಲಿನಷ್ಟು ಭಾರ. ಸಾಲದ್ದಕ್ಕೆ ಮಸೂರಕ್ಕೂ ಗಾಜಿಗೂ ನಡುವಿನ ಅದರ ಚರ್ಮದ ತಿದಿಯ ತುಂಬ ತೂತು.

ದಾಕ್ಷಾಯಣಮ್ಮ ಮಾರಲಿಟ್ಟಿದ್ದ ಈ ಕ್ಯಾಮೆರಾ ಹಾಗಲ್ಲ. ಎತ್ತಿಕೊಂಡರೆ ಖಾಲಿ ಮೊರ ಎತ್ತಿದಂತಾಯಿತು. ಮಡಿಸಿದರೆ ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂರುತ್ತದೆ. ಮಸೂರವನ್ನು ಮೇಲಕ್ಕೆ ಸರಿಸಬಹುದು, ಗುಡಿಯ ಶಿಖರ ಕತ್ತರಿಸಿಹೋಗುವುದಿಲ್ಲ. ತಿದಿಯ ಮಡಿಕೆಗಳಲ್ಲಿ ಮಾತ್ರ ಒಂದು ಬಿಳಿ ಕಲೆ. ಒರೆಸಿದ, ಹೋಗಲಿಲ್ಲ. ಮೂಸಿದರೆ ವಿಭೂತಿಯ ವಾಸನೆ, ಅದರಡಿಯಲ್ಲಿ ಬಾಡಿದ ಹೂವಿನ ಕಮಟು.

"ಅದು ಒಬ್ಬ ಮುದುಕಿ ಎರಚಿದ್ದು," ದಾಕ್ಷಾಯಣಮ್ಮನ ದನಿ ತಗ್ಗಿತು. "ನಮ್ಮೆಜಮಾನ್ರೂ ಪಟ ತೆಗೆಯೋರೇ. ಅವಳ ಆಸ್ತಿಗೆ ಕಣ್ಣಿಟ್ಟ ದಾಯಾದಿಗಳ ಮಾತು ಕೇಳ್ಕಂಡು, ಇನ್ನೂ ಉಸುರಿದ್ದ ಮುದುಕೀನ ಸತ್ತವ್ಳೆ ಅಂತ ಕೂರ್ಸಿ ಪಟ ತೆಗೆದ್ರು. ಅವಳು ಮಾಟ ಬಲ್ಲೋಳು. ಕಣ್ಣು ಬಿಟ್ಟು, ಹಣೆ ವಿಭೂತಿ ಕೆರೆದು ಇದರ ಮ್ಯಾಲೆ ಎರಚ್ಬುಟ್ಟಳು. ಬಾವಿಗೆ ಹಾಕ್ದೆ, ಮುಳುಗಲಿಲ್ಲ. ಒಲೆಗೆ ಹಾಕ್ದೆ, ಹತ್ತಲಿಲ್ಲ."

"ನಿಮ್ಮ ಯಜಮಾನ್ರು?"

ಆಕೆ ಬರಿಗೊರಳನ್ನು ಸವರಿಕೊಂಡಳು. "ಒಂದಿನ ನಾನು ನೆಟ್ಟಗೆ ಕಂಡೆ. ಅವರು ನನ್ನ ಪಟ ತೆಗೀಲಿಲ್ಲ."

ಪಾಲಾಕ್ಷನಿಗೆ ಅಯ್ಯೋ ಅನ್ನಿಸಿತು, ಆದರೆ ನಂಬಿಕೆ ಬರಲಿಲ್ಲ. ಹಳೆಯದನ್ನು ಮಾರಿ ಇದನ್ನು ಕೊಂಡ. ಗುಡಿ ತಲೆಕೆಳಗಾಗಿಯೇ ಕಂಡಿತು, ಮದುವೆಯ ದಿಬ್ಬಣವೂ ತಲೆಕೆಳಗೇ. ಮನೆಗೆ ಬಂದು ಹೆಂಡತಿ ನೀಲಾಂಬಿಕೆಯ ಮುಂದೆ ವಿಧವೆಯ ಕತೆಯನ್ನು ಅಣಕಿಸಹೊರಟವನು, ಯಾಕೋ ಬಾಯಿಗೆ ಬರದೆ ಬಿಟ್ಟುಬಿಟ್ಟ. ಅವಳದು ಒಂದೇ ದೂರು: "ಊರೋರ ಪಟವೆಲ್ಲ ತೆಗೀತೀರಿ. ನಂದೊಂದು ಇಲ್ಲ."

"ತೆಗೆದ್ರಾಯ್ತು ಬಿಡೆ," ಎನ್ನುತ್ತಿದ್ದ.

ಅರಕಲಗೂಡಿನಿಂದ ಕರೆ ಬಂತು. ಜಮೀನ್ದಾರ ನಂಜಯ್ಯ ತೀರಿಕೊಂಡಿದ್ದರು. ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಸುತ್ತ ಮನೆಯವರು ನಿಂತರು. ಕರ್ಪೂರದ ಹೊಗೆ, ಭಜನೆಯ ತಾಳ. ಹೆಣದ ಪಕ್ಕದಲ್ಲಿ ನಿಂತಿದ್ದ ನಂಜಯ್ಯನ ತಮ್ಮ ಚಂದ್ರಯ್ಯ, ಕಲ್ಲುಗುಂಡಿನಂಥ ಗಟ್ಟಿ ಮನುಷ್ಯ, ಗದರಿದರು: "ಬಿರ್ರನೆ ತೆಗಿಯಪ್ಪಾ, ಬಿಸ್ಲೇರ್ತಾ ಅದೆ."

ಪಾಲಾಕ್ಷ ಮುಸುಕಿನೊಳಗೆ ಹೊಕ್ಕ. ಕತ್ತಲೆ. ವಿಭೂತಿಯ ವಾಸನೆ ಹೊರಗಿಗಿಂತ ಒಳಗೇ ಜೋರಾಗಿತ್ತು. ಗಾಜಿನ ಮೇಲೆ ಮನೆಮಂದಿಯೆಲ್ಲ ತಲೆಕೆಳಗಾಗಿ ಜೋತಾಡುತ್ತಿದ್ದರು. ನಡುವೆ ನಂಜಯ್ಯನ ಹೆಣ ನೆಟ್ಟಗೆ ಕೂತಿತ್ತು. ಅದರ ಪಕ್ಕದಲ್ಲಿ ಚಂದ್ರಯ್ಯ ನೆಟ್ಟಗೆ ನಿಂತಿದ್ದರು.

ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ನಿದ್ದೆಗೆಟ್ಟ ಕಣ್ಣು, ಗಾಜಿನ ದೋಷ ಎಂದು ತನಗೆ ತಾನೇ ಹೇಳಿಕೊಂಡ. ಪಟ ಮೂಡುವ ಗಾಜಿನ ಪ್ಲೇಟು ಹಾಕಿದ, ಮಸೂರದ ಮುಚ್ಚಳ ತೆಗೆದು ಮುಚ್ಚಿದ. ಸೈಕಲ್ಲಿಗೆ ಹಗ್ಗ ಬಿಗಿಯುತ್ತಿರುವಾಗ ಒಳಗಿನಿಂದ ಹೊಸದಾಗಿ ಗೋಳು ಎದ್ದಿತು. ಯಾರೋ ಕೂಗಿದರು, "ಚಿಕ್ಕಯಜಮಾನ್ರು ಬಿದ್ದೋದ್ರು! ಉಸುರಿಲ್ಲ!"

ಪ್ಲೇಟು ತೊಳೆದಾಗ ಎಲ್ಲರೂ ಒಂದಿಷ್ಟು ಅಲುಗಿ ಮಸುಕಾಗಿದ್ದರು. ಕೆತ್ತಿದಷ್ಟು ಸ್ಪಷ್ಟವಾಗಿ ಬಂದವರು ಇಬ್ಬರೇ.

ಆಮೇಲೆ ಅವನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಊಟ ಸೇರದು. ಕ್ಯಾಮೆರಾವನ್ನು ಅಟ್ಟದಲ್ಲಿಟ್ಟರೆ ತಿದಿ ಉಸಿರಾಡಿದ ಹಾಗೆ ಚರ್ಮ ಕಿರುಗುಟ್ಟುತ್ತಿತ್ತು. ನೀಲಾಂಬಿಕೆ ಕೇಳಿದರೆ "ಇಲಿ" ಎನ್ನುತ್ತಿದ್ದ. ಎಲ್ಲ ಹೇಳಿಬಿಡಬೇಕಿತ್ತು. ಹೇಳಿದರೆ ಚಂದ್ರಯ್ಯನನ್ನು ಕೊಂದವನು ತಾನೇ ಎಂದು ಒಪ್ಪಿಕೊಂಡಂತೆ ಎಂಬ ಹೆದರಿಕೆ ಅವನ ಬಾಯಿ ಕಟ್ಟಿತ್ತು.

ಕೊನೆಗೊಂದು ಮಧ್ಯಾಹ್ನ, ಅವಳು ನೀರಿಗೆ ಹೋಗಿದ್ದಾಗ, ಎಲ್ಲ ತನ್ನ ಭ್ರಮೆಯೇ ಇರಬೇಕೆಂದು ಪರೀಕ್ಷಿಸಲು ಅದನ್ನು ಹಿತ್ತಿಲಿನಲ್ಲಿ ನಿಲ್ಲಿಸಿದ. ಬಾಳೆಗಿಡದ ಮುಂದೆ ಒಂದು ಖಾಲಿ ಸ್ಟೂಲು. ಮುಸುಕು ಹಾಕಿಕೊಂಡ. ಗಿಡ ತಲೆಕೆಳಗು. ಸ್ಟೂಲು ತಲೆಕೆಳಗು. ಎದೆಯ ಭಾರ ಇಳಿದು ನಗು ಬಂತು.

ಬಳೆಯ ಸದ್ದಾಯಿತು. ಮಲ್ಲಿಗೆಯ ವಾಸನೆ ಬಂತು.

"ಇವತ್ತು ತಪ್ಪಿಸ್ಕಳಂಗಿಲ್ಲ ಕಣ್ರೀ, ನಂದೊಂದು ತೆಗೀರಿ."

ಗಾಜಿನ ಮೇಲೆ ಬಾಳೆಗಿಡ ತಲೆಕೆಳಗು. ಸ್ಟೂಲು ತಲೆಕೆಳಗು. ನೀಲಾಂಬಿಕೆ ನೆಟ್ಟಗೆ. ಹೂ ಮುಡಿದು, ಸ್ಟೂಲಿನ ಮೇಲೆ ಕೂತು, ನಗುತ್ತ. ನೆಟ್ಟಗೆ.

ಪಟ ತೆಗೆದರೆ ಇವಳಿಲ್ಲ, ತೆಗೆಯದಿದ್ದರೆ ತಾನಿಲ್ಲ. ಕೈ ಪಕ್ಕದಲ್ಲಿದ್ದ ಪ್ಲೇಟಿನ ಕಡೆಗೆ ಹೋಯಿತು. ಹೋದದ್ದು ನಿಜ. ಬದುಕುವ ಆಸೆ ಯಾರಿಗಿಲ್ಲ? ಆದರೂ ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮುಸುಕು ಕಿತ್ತು ಹೊರಬಂದ.

"ಏಳೇ! ಅಲ್ಲಿಂದ ಏಳು!"

ಅವಳು ಬೆಚ್ಚಿ ಎದ್ದಳು. ಪಾಲಾಕ್ಷ ಅವಳು ಬಿಟ್ಟ ಸ್ಟೂಲಿನ ಮೇಲೆಯೇ ಕುಸಿದು ಕೂತ. ಮುಗಿಯಿತು. ಇವಳು ಉಳಿದಳು. ಅಷ್ಟು ಸಾಕು.

"ಬೇಡ ಅಂದ್ರೆ ಬ್ಯಾಡ ಬಿಡಿ, ಯಾಕಂಗ್ ಕಿರುಚ್ತೀರಿ? ನಾನೇ ನಿಮ್ಮನ್ನ ನೋಡ್ತೀನಿ," ಎಂದು ಅವಳು ಮುಸುಕಿನೊಳಗೆ ತಲೆ ಹಾಕಿಬಿಟ್ಟಳು.

"ಬೇಡ ನೀಲಾ!"

ಒಳಗಿನಿಂದ ನಗು ಕೇಳಿಸಿತು. "ಎಲ್ಲಾ ಉಲ್ಟಾ ಕಾಣ್ತದೆ ಅಂತಿದ್ರಿ. ಗಿಡ ಉಲ್ಟಾ ಅದೆ ನಿಜ. ನೀವು ನೆಟ್ಟಗೇ ಕೂತಿದ್ದೀರಲ್ಲ!"

ತೆಗೆಯದೆ ಬಿಟ್ಟರೆ ಮುಸುಕಿನೊಳಗಿರುವವರು ಉಳಿಯುವುದಿಲ್ಲ. ಈಗ ಮುಸುಕಿನೊಳಗೆ ಇವಳು. ಅವನು ಪಂಚೆ ಸರಿಮಾಡಿಕೊಂಡ. ತಲೆಗೂದಲು ನೀವಿಕೊಂಡ.

"ನೀಲಾ, ನನ್ನ ಪಟ ತೆಗಿ."

"ನಾನಾ? ನಂಗೇನು ಬತ್ತದೆ?"

"ಹೇಳ್ಕೊಡ್ತೀನಿ. ಮುಂದಿನ ಮುಚ್ಚಳ ಹಾಕು. ಆ ಪ್ಲೇಟಿನ ಚೌಕಟ್ಟು ಗಾಜಿನ ಮುಂದೆ ತೂರ್ಸು. ಚೌಕಟ್ಟಿನ ಮುಂದಿರೋ ಹಲಗೆ ಮ್ಯಾಕೆ ಎಳೆ. ಹಾಂ, ಹಂಗೇ." ದನಿ ಅಲುಗದಂತೆ ಅವನು ಹಿಡಿದುಕೊಂಡಿದ್ದ. "ಈಗ ಮುಚ್ಚಳ ತೆಗಿ. ನಾನು ಸಾಕು ಅನ್ನೋಗಂಟ ಮುಚ್ಚಬ್ಯಾಡ."

ಅವಳು ನಾಲಿಗೆ ಕಚ್ಚಿಕೊಂಡು ಮುಚ್ಚಳ ತೆಗೆದಳು. ಅವನು ಅವಳನ್ನೇ ನೋಡುತ್ತ ನಕ್ಕ. ಬಾಳೆ ಎಲೆ ಗಾಳಿಗೆ ಪಟಪಟ ಎಂದಿತು. ಹಿತ್ತಿಲ ತುಂಬ ವಿಭೂತಿಯ ವಾಸನೆ ಹರಡಿತು.

ಗಂಡ ಇಷ್ಟು ಚೆನ್ನಾಗಿ, ಒಂದಿಷ್ಟೂ ಅಲುಗದೆ ಕೂತದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಪಟ ಎಷ್ಟು ಚೆನ್ನಾಗಿ ಬರಬಹುದೆಂದು ಹಿಗ್ಗುತ್ತ, ಮುಚ್ಚಳ ಕೈಯಲ್ಲೇ ಹಿಡಿದು, ಅವನು ಸಾಕು ಅನ್ನಲಿ ಎಂದು ಕಾಯುತ್ತ ನಿಂತಳು.