ದೋಷವಿಲ್ಲದ ಆರನೇ ಫ್ಲಾಟ್

ಮೊದಲ ಶನಿವಾರವೇ ಅವರಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಬಾಲ್ಕನಿಯ ನೋಟಕ್ಕೆ ಮರುಳಾಗಿ ಫ್ಲಾಟ್ ಕೊಳ್ಳಲು ಇನ್ನೇನು ಸಹಿ ಹಾಕುವುದರಲ್ಲಿದ್ದರು. ನಾನು ಮಂಡಿಯೂರಿ ನೆಲದ ಟೈಲ್ಸನ್ನು ನಾಣ್ಯದಿಂದ ತಟ್ಟುತ್ತಿದ್ದೆ.

"ಏನ್ರೀ ಅದು? ಒಳಗಿಂದ ಯಾರಾದ್ರೂ ಓ ಅಂತಾರಾ?"

"ಟೊಳ್ಳಾಗಿದ್ರೆ ಅಂತಾವೆ. ಕೇಳಿ."

ಹನ್ನೊಂದು ಟೈಲ್ಸ್ ಓ ಅಂದವು. ಅವರು ಪೆನ್ನು ಜೇಬಿಗಿಟ್ಟುಕೊಂಡರು.

ಕೊಳ್ಳುವವರ ಪರವಾಗಿ ಫ್ಲಾಟಿನ ಹುಳುಕು ಹುಡುಕಿ, ವರದಿ ಬರೆದು ಸಹಿ ಹಾಕುವುದು ನನ್ನ ಕೆಲಸ. "ನೀನು ಗಂಡು ನೋಡೋಕೆ ಹೋದ್ರೂ ನಾಣ್ಯದಲ್ಲಿ ತಟ್ಟಿ ನೋಡ್ತೀಯ ಕಣೇ," ಎನ್ನುತ್ತಾಳೆ ಅಕ್ಕ. ತಟ್ಟಿದ್ದೇನೆ. ಅದಕ್ಕೇ ಇನ್ನೂ ಒಂಟಿ.

ಅವರದು ಕನ್ನಡಕದ ಅಂಗಡಿ. ಅವರೂ ಒಂಟಿ, ಮೊದಲ ದಿನವೇ ಹೇಳಿದ್ದರಿಂದ ನಾನು ಫಾರ್ಮಿನಲ್ಲಿ 'ವಾಸಿಸುವವರು: ಒಬ್ಬರು' ಎಂದು ತುಂಬಿದ್ದೆ.

ಎರಡನೇ ಫ್ಲಾಟಿನಲ್ಲಿ ಬೆಳಗಿನ ಹೊತ್ತು ನಲ್ಲಿ ದಾರದಷ್ಟು ಸಣ್ಣಗೆ ಸುರಿಯುತ್ತಿತ್ತು. ಮೂರನೆಯದರಲ್ಲಿ ಮಲಗುವ ಕೋಣೆಯ ಗೋಡೆಯಾಚೆಗೇ ಲಿಫ್ಟು. ಸದ್ದು ಎಷ್ಟೆಂದು ತಿಳಿಯಲು ಇಬ್ಬರೂ ಗೋಡೆಗೆ ಕಿವಿಯಿಟ್ಟು ಎದುರುಬದುರು ನಿಂತೆವು. ಮುಖಗಳ ನಡುವೆ ಒಂದು ಗೇಣು.

"ನೀವು ಎಡಗಣ್ಣು ಕಿರಿದು ಮಾಡ್ತೀರಿ ಮೇಡಂ. ಪವರ್ ಬಂದಿರ್ಬೇಕು."

"ಗೋಡೆ ಕಡೆ ಗಮನ ಕೊಡಿ."

ಲಿಫ್ಟು ನಾಲ್ಕು ಸಲ ಹೋಗಿ ಬಂತು. ಪರೀಕ್ಷೆಗೆ ಒಂದು ಸಲ ಸಾಕಿತ್ತು.

ನಾಲ್ಕನೆಯದರ ಪಾರ್ಕಿಂಗ್ ಜಾಗದ ನಟ್ಟನಡುವೆ ಕಂಬ. ಐದನೆಯದರ ಕಿಟಕಿಯೆದುರು ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ವರ್ಷದೊಳಗೆ ಬಿಸಿಲಿಗೆ ಗೋಡೆ ಅಡ್ಡ. ಎರಡನ್ನೂ ಬೇಡವೆಂದೆ. ಇಷ್ಟರಲ್ಲಿ ಅವರೇ ಒಂದು ನಾಣ್ಯ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಮಂಡಿಯೂರುವುದನ್ನು ಕಲಿತಿದ್ದರು.

ಆರನೆಯದರಲ್ಲಿ ಹುಳುಕೇ ಇರಲಿಲ್ಲ. ನೀರು ಜೋರಾಗಿ ಬರುತ್ತಿತ್ತು, ಗಾಳಿ ಆಡುತ್ತಿತ್ತು, ದಾಖಲೆ ಕಾಗದಗಳು ಸರಿಯಿದ್ದವು. ಟೈಲ್ಸನ್ನು ಎರಡು ಸಲ ತಟ್ಟಿದೆ. ಒಂದೂ ಓ ಅನ್ನಲಿಲ್ಲ. ಈ ಮನೆ ಸರಿಯಿದೆ ಎಂದರೆ ಇವರಿಗೆ ಇನ್ನು ನನ್ನಿಂದ ಆಗಬೇಕಾದ್ದೇನಿದೆ?

'ಸ್ನಾನದ ಮನೆಯ ಇಳಿಜಾರು ತಪ್ಪಿದೆ, ನೀರು ನಿಲ್ಲುತ್ತದೆ' ಎಂದು ಬರೆದುಕೊಟ್ಟೆ.

ಅವರು ಓದಿದರು. ಒಂದು ಮಗ್ಗು ನೀರು ತಂದು ಸ್ನಾನದ ಮನೆಯ ಮೂಲೆಯಲ್ಲಿ ಸುರಿದರು. ನೀರು ನೆಟ್ಟಗೆ ಜಾಲರಿಗೆ ಹೋಗಿ ಇಳಿಯಿತು.

"ಹೋಯ್ತಲ್ಲ ಮೇಡಂ."

"ಹೋಯ್ತು."

"ನಿಲ್ಲುತ್ತೆ ಅಂತ ಬರ್ದಿದ್ದೀರಿ."

ಹನ್ನೆರಡು ವರ್ಷದಲ್ಲಿ ನನ್ನ ಸಹಿಯ ಮೇಲೆ ಸುಳ್ಳಿರಲಿಲ್ಲ. ಕಿವಿ ಬಿಸಿಯಾಯಿತು.

"ಸುಳ್ಳು ಬರ್ದೆ. ಮುಂದಿನ ಶನಿವಾರ ನೀವು ಬರಲ್ವಲ್ಲ ಅಂತ ಹೆದರಿ ಬರ್ದೆ. ನೀವಂದ್ರೆ ನಂಗೆ ಇಷ್ಟ. ತಪ್ಪು ನಂದೇ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ಬೇರೆಯವರು ಹಾಗೆ ಒರೆಸಿದರೆ ಬೈಯುವ ಮನುಷ್ಯ.

ನಾನು ವರದಿ ಹರಿದೆ. 'ದೋಷವಿಲ್ಲ, ಕೊಳ್ಳಬಹುದು' ಎಂದು ಹೊಸದು ಬರೆದು, ಸಹಿ ಹಾಕಿ, ಅವರ ಕೈಗಿಟ್ಟು ಚೀಲ ಹೆಗಲಿಗೇರಿಸಿದೆ.

"ತಡೀರಿ. ಅಡುಗೆಮನೆ ಒಬ್ಬರ ಲೆಕ್ಕದಲ್ಲಿ ನೋಡಿದ್ದೀರಿ."

"ಒಬ್ರೇ ಅಂದಿದ್ರಲ್ಲ ನೀವು!"

"ಅದು ಮೊದಲನೇ ಶನಿವಾರ ಅಂದಿದ್ದು. ಇವತ್ತು ಆರನೇದು. ಲಿಫ್ಟು ನಾಲ್ಕು ಸಲ ಹೋಗಿ ಬಂದಾಗ ನಾನೇನು ಗೋಡೆ ಕೇಳ್ತಾ ಇದ್ನಾ?"

ಅಡುಗೆಮನೆಯಲ್ಲಿ ಕಟ್ಟೆಯ ಮುಂದೆ ಅಕ್ಕಪಕ್ಕ ನಿಂತೆವು. ನನ್ನ ಮೊಣಕೈ ಅವರಿಗೆ ತಗುಲಿತು. ಇಬ್ಬರೂ ಸರಿಯಲಿಲ್ಲ.

"ಏನಂತೀರಿ?" ಎಂದರು, ಕಟ್ಟೆಯನ್ನೇ ನೋಡುತ್ತ.

ವರದಿಯನ್ನು ವಾಪಸ್ ಇಸಿದುಕೊಂಡು, ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಅಡುಗೆಮನೆ ಇಬ್ಬರಿಗೆ ಇಕ್ಕಟ್ಟು. ಸರಿಪಡಿಸುವುದು ಬೇಡ.'

ಅದಕ್ಕೂ ಸಹಿ ಹಾಕಿದೆ.